ಭಾರ ಎತ್ತುವಾಗ ಜೊತೆಗಾರ ಯಾವಾಗ ಬೇಕು, ಒಬ್ಬರೇ ಯಾವಾಗ ಸಾಕು

ಮೈಸೂರಿನ ದಸರಾ ಕುಸ್ತಿಗೆ ಮುನ್ನ ಪೈಲ್ವಾನರ ತೂಕ, ವಯಸ್ಸು, ಅನುಭವಗಳನ್ನು ನೋಡಿ ಸಮಬಲರನ್ನು ಗೊತ್ತುಮಾಡುವ ಕೆಲಸಕ್ಕೆ ‘ಜೋಡಿ ಕಟ್ಟುವುದು’ ಎನ್ನುತ್ತಾರೆ. ಗರಡಿಯಲ್ಲಿ ಬೆಳೆದವರಿಗೆ ಈ ಮಾತಿನ ಹಿಂದಿರುವ ವಿವೇಕ ಚೆನ್ನಾಗಿ ಗೊತ್ತು. ದಂಡ ಹೊಡೆಯುವುದು, ಬಸ್ಕಿ ಹೊಡೆಯುವುದು, ಗದೆ ತಿರುಗಿಸುವುದು ಇವೆಲ್ಲ ಪೈಲ್ವಾನ ತನ್ನ ಪಾಡಿಗೆ ತಾನು ಮಾಡಬಹುದಾದ ಸಾಮು. ಅಖಾಡಕ್ಕೆ ಇಳಿದು ಪಟ್ಟು ಹಾಕುವುದಕ್ಕೆ ಮಾತ್ರ ಜೋಡಿ ಬೇಕೇ ಬೇಕು. ಯಾವುದು ಒಂಟಿ ಸಾಮು, ಯಾವುದು ಜೋಡಿಯ ಕೆಲಸ ಎಂಬುದನ್ನು ಅಲ್ಲಿ ವ್ಯಾಯಾಮವೇ ನಿರ್ಧರಿಸುತ್ತದೆ, ಮಾಡುವವರ ಇಷ್ಟಾನಿಷ್ಟವಲ್ಲ.

ಇಂದಿನ ಜಿಮ್‌ಗಳಲ್ಲಿ ಈ ವಿವೇಚನೆ ಕಾಣುವುದು ಅಪರೂಪ. ಗೆಳೆಯ ಬರದಿದ್ದರೆ ತಾವೂ ಹೋಗದೆ ಉಳಿಯುವವರು ಒಂದು ಕಡೆ ಇದ್ದರೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅಕ್ಕಪಕ್ಕದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ತಮ್ಮ ಶಕ್ತಿಯ ಅಂಚಿನಲ್ಲಿರುವ ಭಾರದ ಕೆಳಗೆ ಮಲಗುವವರು ಇನ್ನೊಂದು ಕಡೆ ಇದ್ದಾರೆ. ಇವರಿಬ್ಬರೂ ‘ಜೊತೆಗಾರ ಬೇಕೋ ಬೇಡವೋ’ ಎಂಬ ಪ್ರಶ್ನೆಗೆ ಒಂದೇ ಸಲ, ಎಲ್ಲ ವ್ಯಾಯಾಮಗಳಿಗೂ ಸೇರಿಸಿ ಉತ್ತರ ಕೊಟ್ಟುಕೊಂಡವರು. ಆ ಉತ್ತರವನ್ನು ವ್ಯಾಯಾಮದಿಂದ ವ್ಯಾಯಾಮಕ್ಕೆ ಬೇರೆಯಾಗಿಯೇ ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಹುಡುಕುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಭಾರ ಎಲ್ಲಿಗೆ ಬೀಳುತ್ತದೆ?

ಯಾವುದೇ ವ್ಯಾಯಾಮಕ್ಕೆ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ನನ್ನ ಕೈ ಸೋತರೆ ಈ ಭಾರ ಎಲ್ಲಿಗೆ ಬೀಳುತ್ತದೆ? ಪ್ಲೇಟ್ ಹಾಕಿದ ಕಬ್ಬಿಣದ ರಾಡನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್‌ನಲ್ಲಿ ಅದು ನೆಲಕ್ಕೆ ಬೀಳುತ್ತದೆ. ಆದ್ದರಿಂದ ಅಲ್ಲಿ ಜೊತೆಗಾರನಿಗೆ ಮಾಡಲು ಕೆಲಸವಿಲ್ಲ, ಅಷ್ಟೇ ಅಲ್ಲ, ನಡುವೆ ಕೈ ಹಾಕಿದರೆ ಇಬ್ಬರ ಬೆನ್ನಿಗೂ ಅಪಾಯ. ಪುಲ್‌ಅಪ್‌ನಲ್ಲಿ ಸೋತರೆ ಕಾಲು ನೆಲಕ್ಕೆ ಬರುತ್ತದೆ. ಕೇಬಲ್ ಯಂತ್ರಗಳಲ್ಲಿ ಭಾರ ತನ್ನ ಜಾಗಕ್ಕೆ ತಾನೇ ಮರಳುತ್ತದೆ. ಹಗುರವಾದ ಡಂಬೆಲ್‌ಗಳನ್ನು ಪಕ್ಕಕ್ಕೆ ಇಳಿಸಬಹುದು.

ವೇಟ್‌ಲಿಫ್ಟಿಂಗ್ ಸ್ಪರ್ಧೆಗಳನ್ನು ನೋಡಿದವರಿಗೆ ಇದು ಇನ್ನೂ ಸ್ಪಷ್ಟವಾಗಿರುತ್ತದೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ 61 ಕಿಲೋ ವಿಭಾಗದಲ್ಲಿ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಎತ್ತುವ ಸ್ನ್ಯಾಚ್‌ನಲ್ಲಿ 118, ಮೊದಲು ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 151, ಒಟ್ಟು 269 ಕಿಲೋ ಎತ್ತಿ ಕಂಚು ಗೆದ್ದಾಗ ವೇದಿಕೆಯ ಮೇಲೆ ಅವರ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ. ತಮ್ಮ ದೇಹದ ತೂಕದ ಎರಡೂವರೆ ಪಟ್ಟಿಗೆ ಹತ್ತಿರವಾದ ಭಾರ ತಲೆಯ ಮೇಲಿದ್ದರೂ ಆ ಕ್ರೀಡೆಯಲ್ಲಿ ಆಸರೆಗೆ ಜನ ಇರುವುದಿಲ್ಲ. ಸೋತರೆ ರಾಡನ್ನು ಮುಂದಕ್ಕೋ ಹಿಂದಕ್ಕೋ ಬಿಟ್ಟು ತಾನು ಸರಿದುಕೊಳ್ಳುವುದನ್ನು ಆಟಗಾರ ಮೊದಲ ದಿನಗಳಿಂದಲೇ ಕಲಿತಿರುತ್ತಾನೆ. ಪವರ್‌ಲಿಫ್ಟಿಂಗ್‌ನ ಪದ್ಧತಿ ಬೇರೆ. ಅಂತರರಾಷ್ಟ್ರೀಯ ನಿಯಮದಂತೆ ಅಲ್ಲಿ ಕನಿಷ್ಠ ಇಬ್ಬರು, ಗರಿಷ್ಠ ಐವರು ಸಹಾಯಕರು ವೇದಿಕೆಯ ಮೇಲೆ ಇರುತ್ತಾರೆ, ಏಕೆಂದರೆ ಅಲ್ಲಿ ರಾಡನ್ನು ಹೆಗಲ ಮೇಲೆ ಹೊತ್ತು ಬಸ್ಕಿಯಂತೆ ಕೂತೇಳುವ ಸ್ಕ್ವಾಟ್ ಮತ್ತು ಬೆಂಚಿನ ಮೇಲೆ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್ ಇವೆ. ಈ ಎರಡರಲ್ಲಿ ಭಾರ ಬೀಳುವುದು ಮನುಷ್ಯನ ಮೇಲೆಯೇ.

ಇವೆರಡರಲ್ಲಿಯೂ ನಾನು ಹೆಚ್ಚು ಹೆದರುವುದು ಬೆಂಚ್ ಪ್ರೆಸ್‌ಗೆ. ಸ್ಕ್ವಾಟ್‌ನಲ್ಲಿ ಕಾಲು ನಮ್ಮ ಸ್ವಾಧೀನದಲ್ಲಿರುತ್ತದೆ, ಕೊನೆಗೆ ರಾಡನ್ನು ಬೆನ್ನ ಹಿಂದಕ್ಕೆ ಬಿಟ್ಟು ಮುಂದಕ್ಕೆ ಹಾರಬಹುದು; ಬೆಂಚಿನ ಮೇಲೆ ಅಂಗಾತ ಮಲಗಿದವರಿಗೆ ಓಡಲು ದಾರಿಯೇ ಇಲ್ಲ. ಕೆಲವು ವರ್ಷಗಳ ಹಿಂದೆ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿನಲ್ಲಿ, ಟ್ರೇನರ್ ಊಟಕ್ಕೆ ಹೋಗಿದ್ದ ಒಂದು ಸಣ್ಣ ಜಿಮ್‌ನಲ್ಲಿ ನಾನು ಎಪ್ಪತ್ತು ಕಿಲೋ ಹಾಕಿಕೊಂಡು ಮಲಗಿದ್ದೆ. ಐದನೆಯ ರೆಪ್‌ನಲ್ಲಿ, ಅಂದರೆ ಐದನೆಯ ಸಲ ಎತ್ತುವಾಗ, ರಾಡ್ ಎದೆಯಿಂದ ನಾಲ್ಕು ಬೆರಳು ಮೇಲೆ ಬಂದು ಅಲ್ಲಿಯೇ ನಿಂತಿತು. ಒಂದೆರಡು ಕ್ಷಣ ನಡುಗಿ, ನಿಧಾನವಾಗಿ ಎದೆಗೂಡಿನ ಮೇಲೆ ಕುಳಿತುಕೊಂಡಿತು. ಪ್ಲೇಟ್‌ಗಳು ಜಾರದಿರಲೆಂದು ಎರಡು ಬದಿಗೂ ಕ್ಲಿಪ್ ಬಿಗಿದಿದ್ದೆನಾದ್ದರಿಂದ ಅವುಗಳನ್ನು ಒಂದು ಬದಿಗೆ ಓರೆ ಮಾಡಿ ಬೀಳಿಸುವ ದಾರಿಯೂ ಇರಲಿಲ್ಲ. ಕೂಗಲು ಉಸಿರು ಸಾಲಲಿಲ್ಲ. ಕೊನೆಗೆ ರಾಡನ್ನು ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಸೊಂಟಕ್ಕೆ ಉರುಳಿಸಿ ಎದ್ದು ಕುಳಿತೆ. ಪಕ್ಕೆಲುಬಿನ ಕೆಳಗೆ ಮೂಡಿದ ನೀಲಿ ಬರೆ ಹತ್ತು ದಿನ ಇತ್ತು. ರಾಡ್ ಎದೆಯ ಬದಲು ಕುತ್ತಿಗೆಯ ಕಡೆ ಸರಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ಒಬ್ಬರೇ ಇರುವಾಗ ಮಾಡಬೇಕಾದ ಏರ್ಪಾಡು

ಒಬ್ಬರೇ ಭಾರ ಎತ್ತುವುದು ತಪ್ಪಲ್ಲ. ಪಾಳಿಯ ಕೆಲಸದವರಿಗೆ, ರಾತ್ರಿ ಹತ್ತು ಗಂಟೆಗೆ ಅಪಾರ್ಟ್‌ಮೆಂಟಿನ ಜಿಮ್‌ಗೆ ಇಳಿಯುವವರಿಗೆ, ಮನೆಯ ಮಹಡಿಯಲ್ಲಿ ರಾಡ್ ಇಟ್ಟುಕೊಂಡವರಿಗೆ ಬೇರೆ ದಾರಿಯೂ ಇರುವುದಿಲ್ಲ. ಆದರೆ ಜೊತೆಗಾರನ ಜಾಗದಲ್ಲಿ ಕಬ್ಬಿಣವನ್ನಾದರೂ ನಿಲ್ಲಿಸಬೇಕು. ರ‍್ಯಾಕ್‌ನ (ರಾಡ್ ಇಡುವ ಕಬ್ಬಿಣದ ಚೌಕಟ್ಟು) ಎರಡು ಬದಿಗೂ ಅಡ್ಡಲಾಗಿ ಹಾಕುವ ಗಟ್ಟಿ ಸರಳುಗಳಾದ ಸೇಫ್ಟಿ ಪಿನ್‌ಗಳು ಇರುವುದು ಇದಕ್ಕಾಗಿಯೇ. ಬೆಂಚನ್ನು ರ‍್ಯಾಕ್‌ನ ಒಳಗೆ ಎಳೆದುಕೊಂಡು, ಬೆನ್ನನ್ನು ಸ್ವಲ್ಪ ಕಮಾನಾಗಿಸಿ ಎದೆ ಎತ್ತಿದಾಗ ರಾಡ್ ಎದೆಗೆ ತಾಗುವಂತೆಯೂ, ಉಸಿರು ಬಿಟ್ಟು ಬೆನ್ನನ್ನು ಬೆಂಚಿಗೆ ಒತ್ತಿದಾಗ ರಾಡ್ ಪಿನ್‌ಗಳ ಮೇಲೆ ಕೂರುವಂತೆಯೂ ಪಿನ್‌ನ ಎತ್ತರವನ್ನು ಹೊಂದಿಸಿಕೊಳ್ಳಿ. ಖಾಲಿ ರಾಡ್ ಹಿಡಿದು ಒಮ್ಮೆ ಬೇಕೆಂದೇ ಸೋತು ನೋಡಿ. ಕುತ್ತಿಗೆಯ ಕಡೆಗೆ ಸರಿಸಿಯೂ ಪರೀಕ್ಷಿಸಿ. ಈ ಪರೀಕ್ಷೆಗೆ ಎರಡು ನಿಮಿಷ ಹಿಡಿಯುತ್ತದೆ, ಅದನ್ನು ಬಿಟ್ಟು ಪ್ಲೇಟ್ ಏರಿಸಬೇಡಿ. ಸ್ಕ್ವಾಟ್‌ಗಾದರೆ ನೀವು ಇಳಿಯುವ ತೀರಾ ಕೆಳಗಿನ ಹಂತಕ್ಕಿಂತ ಎರಡು ಬೆರಳು ಕೆಳಗೆ ಪಿನ್ ಇರಲಿ.

ರ‍್ಯಾಕ್ ಇಲ್ಲದೆ ಬರಿಯ ಬೆಂಚ್ ಮಾತ್ರ ಇರುವ ಜಿಮ್‌ಗಳು ನಮ್ಮಲ್ಲಿ ಬಹಳ. ಅಂಥಲ್ಲಿ ಒಬ್ಬರೇ ಇದ್ದರೆ ರಾಡಿನ ಬೆಂಚ್ ಪ್ರೆಸ್ ಅನ್ನು ಆ ದಿನ ಬಿಟ್ಟುಬಿಡಿ. ಡಂಬೆಲ್ ಪ್ರೆಸ್ ಮಾಡಿ, ಇಲ್ಲವೇ ದಂಡ ಹೊಡೆಯಿರಿ. ಮಾಡಲೇಬೇಕೆಂದಿದ್ದರೆ ಕ್ಲಿಪ್ ಹಾಕಬೇಡಿ, ಹೆಬ್ಬೆರಳನ್ನು ರಾಡಿನ ಸುತ್ತ ಬಳಸಿಯೇ ಹಿಡಿಯಿರಿ, ಇನ್ನೂ ಮೂರು ರೆಪ್ ಆಗಬಹುದು ಎನಿಸುವಾಗಲೇ ಸೆಟ್ (ಬಿಡುವಿಲ್ಲದೆ ಮಾಡುವ ರೆಪ್‌ಗಳ ಒಂದು ಸರಣಿ) ಮುಗಿಸಿ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಟ್ಟು ಅಂಗೈ ಮೇಲೆ ರಾಡನ್ನು ಕೂರಿಸುವ ಹಿಡಿತ ಕೆಲವರಿಗೆ ಮಣಿಕಟ್ಟಿಗೆ ಹಿತವೆನಿಸಬಹುದು, ಆದರೆ ಬೆವರಿನ ಅಂಗೈಯಿಂದ ರಾಡ್ ಜಾರಿದರೆ ಅದನ್ನು ತಡೆಯುವುದು ಏನೂ ಇರುವುದಿಲ್ಲ.

ಪ್ಲೇಟ್ ತೆಗೆಯುವಾಗಲೂ ಒಬ್ಬರೇ ಇರುವವರು ಎಚ್ಚರ ತಪ್ಪುತ್ತಾರೆ. ಸ್ಟ್ಯಾಂಡಿನ ಮೇಲಿರುವ ರಾಡಿನ ಒಂದು ಬದಿಯನ್ನು ಪೂರ್ತಿ ಖಾಲಿ ಮಾಡಿದರೆ ಇನ್ನೊಂದು ಬದಿಯ ಭಾರಕ್ಕೆ ರಾಡ್ ಚಿಮ್ಮಿ ಮಗುಚುತ್ತದೆ. ಆ ಬದಿಯಿಂದ ಒಂದು, ಈ ಬದಿಯಿಂದ ಒಂದು ಎಂದು ತೆಗೆಯುತ್ತಾ ಬನ್ನಿ.

ರಾಡಿನ ತೂಕದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ವೇಟ್‌ಲಿಫ್ಟಿಂಗ್ ಸ್ಪರ್ಧೆಯ ಪುರುಷರ ರಾಡ್ 20 ಕಿಲೋ, ಮಹಿಳೆಯರದು 15 ಕಿಲೋ. ಆದರೆ ಎಲ್ಲ ಜಿಮ್‌ನ ರಾಡ್‌ಗಳೂ ಅಷ್ಟೇ ತೂಗುವುದಿಲ್ಲ. ಬೇರೆ ಜಿಮ್‌ಗೆ ಹೋದಾಗ ಹಿಂದಿನ ಲೆಕ್ಕದಲ್ಲಿಯೇ ಪ್ಲೇಟ್ ಹಾಕಿಕೊಂಡು ಐದೋ ಹತ್ತೋ ಕಿಲೋ ಹೆಚ್ಚಿನ ಭಾರದ ಕೆಳಗೆ ಮಲಗಿದವರನ್ನು ನೋಡಿದ್ದೇನೆ.

ಸಪೋರ್ಟ್ ಕೊಡುವ ವಿದ್ಯೆ

“ಅಣ್ಣಾ, ಒಂದ್ ಸೆಟ್ ಸಪೋರ್ಟ್ ಕೊಡ್ತೀರಾ?” ಎಂಬ ಮಾತು ನಮ್ಮ ಜಿಮ್‌ಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತದೆ. ಕೇಳಿದವರು ಯಾವ ಸಪೋರ್ಟ್, ಯಾವಾಗ, ಎಷ್ಟು ಎಂದು ಹೇಳುವುದಿಲ್ಲ, ಕೊಡುವವರೂ ಕೇಳುವುದಿಲ್ಲ. ಜೊತೆಗಾರನಿಂದ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಈ ಮೌನದಿಂದಲೇ ಹುಟ್ಟುತ್ತವೆ ಎಂದು ನನಗೆ ಅನಿಸುತ್ತದೆ.

ಮಲಗುವ ಮುನ್ನ ಮೂರು ಸಂಗತಿಗಳು ಇಬ್ಬರಿಗೂ ಗೊತ್ತಿರಬೇಕು. ಎಷ್ಟು ರೆಪ್ ಮಾಡುವ ಉದ್ದೇಶವಿದೆ. ಸ್ಟ್ಯಾಂಡಿನಿಂದ ರಾಡನ್ನು ಎತ್ತಿ ಕೊಡಬೇಕೋ, ತಾನೇ ಎತ್ತಿಕೊಳ್ಳುತ್ತಾನೋ. ಕೈ ಹಾಕಬೇಕಾದಾಗ ಹೇಳುವ ಮಾತು ಯಾವುದು. ಈ ಕೊನೆಯದಕ್ಕೆ ಒಂದೇ ಪದ ಇಟ್ಟುಕೊಳ್ಳಿ. ನಾನು ಮತ್ತು ನನ್ನ ಜೊತೆಗಾರ ‘ಹಿಡಿ’ ಎಂಬ ಪದ ಇಟ್ಟುಕೊಂಡಿದ್ದೇವೆ. ಉಸಿರು ಕಟ್ಟಿರುವಾಗಲೂ ಅದನ್ನು ಹೇಳಬಹುದು, ಬೇರೆ ಯಾವ ಅರ್ಥಕ್ಕೂ ಅದು ಎಡೆ ಕೊಡುವುದಿಲ್ಲ. ಅದರ ಹೊರತಾಗಿ ರಾಡ್ ಕೆಳಮುಖವಾಗಿ ಹೊರಟರೆ ಮಾತಿಗೆ ಕಾಯದೆ ಹಿಡಿಯುವುದು ಸಪೋರ್ಟ್ ಕೊಡುವವರ ಹೊಣೆ. ರಾಡ್ ನಿಧಾನವಾಗಿಯಾದರೂ ಮೇಲಕ್ಕೆ ಸಾಗುತ್ತಿರುವಷ್ಟು ಹೊತ್ತು ಮುಟ್ಟಬಾರದು.

ಬೆಂಚಿನಲ್ಲಿ ನಿಲ್ಲಬೇಕಾದದ್ದು ಮಲಗಿದವರ ತಲೆಯ ಹಿಂದೆ, ಕಾಲು ಅಗಲಿಸಿ, ಮೊಣಕಾಲು ತುಸು ಬಗ್ಗಿಸಿ. ಕೈಗಳು ಎತ್ತುವವರ ಎರಡು ಕೈಗಳ ನಡುವೆ, ರಾಡಿಗೆ ತಾಗದಂತೆ ಅದರ ಕೆಳಗೆ ಹಿಂಬಾಲಿಸುತ್ತಿರಬೇಕು. ಒಂದು ಅಂಗೈ ಮೇಲ್ಮುಖವಾಗಿ, ಇನ್ನೊಂದು ಕೆಳಮುಖವಾಗಿ ಇದ್ದರೆ ಹಿಡಿದಾಗ ರಾಡ್ ಉರುಳುವುದಿಲ್ಲ. ಹಿಡಿದ ಮೇಲೆ ಕೈ ಬಿಡುವುದು ರಾಡ್ ಸ್ಟ್ಯಾಂಡಿನ ಎರಡು ಕೊಕ್ಕೆಗಳಲ್ಲಿಯೂ ಕುಳಿತಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ. ಎತ್ತುವವರಿಗೂ ಒಂದು ಮಾತು: ಜೊತೆಗಾರ ಹಿಡಿದನೆಂದು ನೀವು ಕೈ ಸಡಿಲಿಸಬೇಡಿ. ಎಂಬತ್ತು ಕಿಲೋವನ್ನು ಬಾಗಿ ನಿಂತವರು ಏಕಾಏಕಿ ಪೂರ್ತಿಯಾಗಿ ಹೊರಲಾರರು.

ಡಂಬೆಲ್ ಪ್ರೆಸ್‌ನಲ್ಲಿ ಮೊಣಕೈಗೆ ಕೈ ಕೊಡುವ ರೂಢಿ ಎಲ್ಲೆಡೆ ಇದೆ, ಅದನ್ನು ಬಿಡಬೇಕು. ಮೊಣಕೈಯನ್ನು ಮೇಲಕ್ಕೆ ನೂಕಿದರೂ ಅದರ ಮೇಲಿನ ಮುಂಗೈ ಒಳಕ್ಕೆ ಮಡಚಿಕೊಂಡು ಡಂಬೆಲ್ ಮುಖದ ಮೇಲೆ ಬರಬಹುದು. ಹಿಡಿಯಬೇಕಾದದ್ದು ಮಣಿಕಟ್ಟನ್ನು.

ಸ್ಕ್ವಾಟ್‌ನಲ್ಲಿ ಹಿಂದೆ ನಿಂತು, ಎತ್ತುವವರೊಂದಿಗೆ ತಾವೂ ಬಸ್ಕಿಯಂತೆ ಇಳಿಯುತ್ತಾ, ಕೈಗಳನ್ನು ಅವರ ಕಂಕುಳ ಕೆಳಗಿಂದ ಎದೆಯ ಬಳಿಗೆ ತಂದಿಟ್ಟುಕೊಂಡಿರಬೇಕು. ಸೋತಾಗ ಎದೆಯನ್ನು ನೆಟ್ಟಗೆ ಎತ್ತಬೇಕು. ಸೊಂಟಕ್ಕೆ ಕೈ ಹಾಕಿದರೆ ಅವರು ಮುಂದಕ್ಕೆ ಮಗುಚುತ್ತಾರೆ. ಈ ಭಂಗಿಯಲ್ಲಿ ಮೈ ಮುಟ್ಟುವುದು ಅನಿವಾರ್ಯವಾದ್ದರಿಂದ ಮೊದಲೇ ಕೇಳಿ ಒಪ್ಪಿಗೆ ಪಡೆಯುವುದು ಗಂಡಸರ ನಡುವೆಯೂ ಸಭ್ಯತೆ, ಮಹಿಳೆಯರ ವಿಷಯದಲ್ಲಂತೂ ಅದು ಕಡ್ಡಾಯ. ಹಿಂದೆ ಯಾರೂ ನಿಲ್ಲುವುದು ಬೇಡವೆನ್ನುವವರಿಗೆ ಒಳ್ಳೆಯ ಪರಿಹಾರವಿದೆ: ರಾಡಿನ ಎರಡು ತುದಿಗಳಲ್ಲಿ ಒಬ್ಬೊಬ್ಬರು ನಿಂತು, ಕೂಗಿದಾಗ ಇಬ್ಬರೂ ಒಟ್ಟಿಗೆ ಎತ್ತುವುದು. ಒಬ್ಬರು ಮೊದಲು, ಒಬ್ಬರು ಆಮೇಲೆ ಎತ್ತಿದರೆ ಬೆನ್ನು ತಿರುಚುತ್ತದೆ, ಆದ್ದರಿಂದ ಖಾಲಿ ರಾಡಿನಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಳ್ಳಬೇಕು. ಸಣ್ಣ ಊರುಗಳ ಜಿಮ್‌ಗಳಲ್ಲಿ ಮಹಿಳೆಯರಿಗೆಂದು ಪ್ರತ್ಯೇಕ ಹೊತ್ತು ಇಟ್ಟಿರುತ್ತಾರೆ, ಆ ಹೊತ್ತಿನಲ್ಲಿ ಬರುವವರು ನಾಲ್ಕೈದು ಮಂದಿಯಷ್ಟೇ ಇರುವುದುಂಟು. ಅವರಲ್ಲಿ ಮೂವರು ಸೇರಿ ಈ ವಿಧಾನವನ್ನು ಕಲಿತುಕೊಂಡರೆ ಯಾವ ಟ್ರೇನರ್‌ಗೂ ಕಾಯಬೇಕಾಗಿಲ್ಲ.

ಮುಟ್ಟಿದ ರೆಪ್ ಯಾರದು?

ಸಪೋರ್ಟ್‌ನ ಇನ್ನೊಂದು ಮುಖ ಕಡಿಮೆ ಅಪಾಯದ್ದು, ಆದರೆ ಹೆಚ್ಚು ನಷ್ಟದ್ದು. ನಾನು ಒಬ್ಬ ಗೆಳೆಯನ ಜೊತೆ ನಾಲ್ಕು ತಿಂಗಳು ಬೆಂಚ್ ಮಾಡಿದೆ. ಪ್ರೀತಿಯ ಮನುಷ್ಯ, ಮೂರನೆಯ ರೆಪ್‌ನಿಂದಲೇ ಅವನ ಎರಡು ಬೆರಳು ರಾಡಿನ ಕೆಳಗೆ ಇರುತ್ತಿದ್ದವು, “ಎಲ್ಲಾ ನಿಂದೇ, ಎಲ್ಲಾ ನಿಂದೇ” ಎಂದು ಹುರಿದುಂಬಿಸುತ್ತಿದ್ದ. ನನ್ನ ನೋಟ್‌ಬುಕ್‌ನಲ್ಲಿ ಎಂಬತ್ತು ಕಿಲೋ, ಎಂಟು ರೆಪ್ ಎಂದು ಬರೆದಿತ್ತು. ಅವನು ಊರಿಗೆ ಹೋಗಿದ್ದ ವಾರ ರ‍್ಯಾಕ್‌ನಲ್ಲಿ ಪಿನ್ ಹಾಕಿಕೊಂಡು ಅದೇ ಭಾರವನ್ನು ಎತ್ತಿದಾಗ ನಾಲ್ಕನೆಯದು ಪಿನ್ ಮೇಲೆ ಕುಳಿತಿತು. ನಾಲ್ಕು ತಿಂಗಳು ಬರೆದದ್ದರಲ್ಲಿ ಎಷ್ಟು ನನ್ನದು, ಎಷ್ಟು ಅವನ ಬೆರಳುಗಳದು ಎಂದು ಲೆಕ್ಕ ಹಾಕಲು ಬರುವಂತಿರಲಿಲ್ಲ. ಎಷ್ಟು ಭಾರ ಏರಿಸಬೇಕು, ಎಲ್ಲಿ ತಡೆಯಬೇಕು ಎಂಬ ತೀರ್ಮಾನಗಳೆಲ್ಲ ಆ ಅಂಕಿಗಳ ಮೇಲೆಯೇ ನಿಂತಿದ್ದವು.

ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ರೆಫರಿಯ ಆರಂಭದ ಮತ್ತು ಮುಕ್ತಾಯದ ಸೂಚನೆಗಳ ನಡುವೆ ಸಹಾಯಕರು ರಾಡನ್ನು ಮುಟ್ಟಿ ನೆರವಾದರೆ ಆ ಯತ್ನ ಅನೂರ್ಜಿತ. ಅದೇ ಕಟ್ಟುಪಾಡನ್ನು ನಿಮ್ಮ ನೋಟ್‌ಬುಕ್‌ಗೂ ತನ್ನಿ. ಜೊತೆಗಾರನ ಬೆರಳು ತಾಗಿದ ರೆಪ್ ಅನ್ನು ಬರೆಯಬೇಡಿ, ತಾಗಿದ ಕ್ಷಣಕ್ಕೆ ಸೆಟ್ ಮುಗಿಯಿತೆಂದು ತಿಳಿಯಿರಿ. ತಿಂಗಳಿಗೊಮ್ಮೆ, ಇಬ್ಬರೂ ಇರುವ ದಿನವೇ, ಪಿನ್ ಹಾಕಿ ಜೊತೆಗಾರನನ್ನು ದೂರ ನಿಲ್ಲಿಸಿ ಒಂದು ಸೆಟ್ ಮಾಡಿ ನೋಡಿ.

ಯಾರನ್ನು ಜೊತೆಗಾರನನ್ನಾಗಿ ಆರಿಸಿಕೊಳ್ಳಬೇಕು

ಇಲ್ಲಿ ಮತ್ತೆ ‘ಜೋಡಿ ಕಟ್ಟುವ’ ಮಾತಿಗೆ ಬರುತ್ತೇನೆ, ಆದರೆ ಒಂದು ವ್ಯತ್ಯಾಸದೊಂದಿಗೆ. ಕುಸ್ತಿಗೆ ಸಮಬಲರು ಬೇಕು. ಭಾರ ಎತ್ತುವ ಅಭ್ಯಾಸಕ್ಕೆ ನಿಮಗಿಂತ ಸ್ವಲ್ಪ ಬಲಶಾಲಿಯಾದವರು ಲೇಸು. 1920ರ ದಶಕದಲ್ಲಿ ಜರ್ಮನಿಯ ಓಟ್ಟೊ ಕೋಲರ್ ಎಂಬ ಮನಶ್ಶಾಸ್ತ್ರಜ್ಞರು ಬರ್ಲಿನ್‌ನ ಒಂದು ದೋಣಿ ಸ್ಪರ್ಧೆಯ ಕ್ಲಬ್ಬಿನ ಸದಸ್ಯರಿಂದ ಭಾರ ಎತ್ತಿಸಿ ನೋಡಿದ್ದರು. ಒಬ್ಬ ಬಿಟ್ಟರೆ ಇನ್ನೊಬ್ಬನೂ ನಿಲ್ಲಿಸಬೇಕಾಗುವಂತೆ ಜೊತೆಯಾಗಿ ಎತ್ತಿದಾಗ, ಇಬ್ಬರಲ್ಲಿ ದುರ್ಬಲನಾದವನು ತಾನು ಒಬ್ಬನೇ ಇದ್ದಾಗ ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಮುಂದುವರಿದ. ಇಬ್ಬರ ಶಕ್ತಿಯ ಅಂತರ ತೀರಾ ಕಡಿಮೆಯೂ ಅಲ್ಲದೆ ತೀರಾ ಹೆಚ್ಚೂ ಅಲ್ಲದೆ ಮಧ್ಯಮವಾಗಿದ್ದಾಗ ಈ ಲಾಭ ಹೆಚ್ಚಾಗಿ ಕಂಡಿತು. ನಮ್ಮ ಅನುಭವವೂ ಇದನ್ನೇ ಹೇಳುತ್ತದೆ: ಮುಟ್ಟಬಹುದಾದಷ್ಟು ಮುಂದಿರುವವನನ್ನು ಮುಟ್ಟಲು ಮೈ ಹವಣಿಸುತ್ತದೆ, ಕಣ್ಣಿಗೆ ನಿಲುಕದಷ್ಟು ಮುಂದಿರುವವನನ್ನು ನೋಡಿ ಕೈ ಚೆಲ್ಲುತ್ತದೆ.

ಅಂತರ ಹೆಚ್ಚಿದ್ದರೆ ಪ್ಲೇಟ್‌ಗಳ ತೊಂದರೆಯೂ ಇದೆ. ಒಬ್ಬರು 100 ಕಿಲೋ, ಇನ್ನೊಬ್ಬರು 50 ಕಿಲೋ ಸ್ಕ್ವಾಟ್ ಮಾಡುವವರಾದರೆ ಪ್ರತಿ ಸರದಿಗೆ ಬದಿಗೆ 25ರಂತೆ 50 ಕಿಲೋ ಹಾಕಬೇಕು ಅಥವಾ ತೆಗೆಯಬೇಕು. ತಲಾ ಐದು ಸೆಟ್‌ಗೆ ಒಂಬತ್ತು ಬಾರಿ ಬದಲಾವಣೆ, ಅಂದರೆ ವ್ಯಾಯಾಮವಲ್ಲದ 450 ಕಿಲೋ ಸಾಗಾಟ. ಅಂಥ ಜೋಡಿ ಒಂದೇ ರಾಡಿಗೆ ಅಂಟಿಕೊಳ್ಳದೆ ಅಕ್ಕಪಕ್ಕದ ಎರಡು ರಾಡ್‌ಗಳಲ್ಲಿ ಮಾಡುವುದು ಮೇಲು.

ಹೊಸ ವ್ಯಾಯಾಮ ಕಲಿಯುವಾಗ ಮಾತ್ರ ಜೊತೆಗಾರನನ್ನಾಗಲಿ ನೋಡುವ ಗೆಳೆಯರ ಕಣ್ಣುಗಳನ್ನಾಗಲಿ ಇಟ್ಟುಕೊಳ್ಳಬೇಡಿ. ಬೇರೆಯವರ ಉಪಸ್ಥಿತಿಯಲ್ಲಿ ಚೆನ್ನಾಗಿ ರೂಢಿಯಾದ ಕೆಲಸ ಇನ್ನಷ್ಟು ಚೆನ್ನಾಗಿ ನಡೆಯುತ್ತದೆ, ಇನ್ನೂ ರೂಢಿಯಾಗದ ಕೆಲಸ ಕೆಡುತ್ತದೆ ಎಂಬ ವಿವರಣೆಯನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯೊಂಟ್ಸ್ 1965ರಲ್ಲಿ ಮುಂದಿಟ್ಟರು. ಸ್ಕ್ವಾಟ್‌ನ ಮೊದಲ ತಿಂಗಳಲ್ಲಿರುವವರು ಗೆಳೆಯರ ಎದುರು ಮಾಡಿದರೆ ಮೊಣಕಾಲು ಎತ್ತ ಹೋಗುತ್ತಿದೆ ಎಂಬುದರ ಬದಲು ಪ್ಲೇಟ್ ಎಷ್ಟಿದೆ ಎಂಬುದೇ ತಲೆಯಲ್ಲಿ ತುಂಬಿರುತ್ತದೆ. ಆ ತಿಂಗಳು ಖಾಲಿ ರಾಡ್, ಕನ್ನಡಿ, ಬಲ್ಲ ಟ್ರೇನರ್ ಒಬ್ಬರು ಸಾಕು.

ಉಳಿದಂತೆ ನೋಡಬೇಕಾದದ್ದು ಬಲವನ್ನಲ್ಲ, ಹೊತ್ತು ಪಾಲಿಸುವುದನ್ನು. ಬೆಳಿಗ್ಗೆ ಆರಕ್ಕೆ ಎಂದರೆ ಆರಕ್ಕೆ ಬರುವ ಸಾಧಾರಣ ಶಕ್ತಿಯವರು, ಏಳಕ್ಕೆ ಬರುವ ಬಲಶಾಲಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಸೆಟ್‌ಗಳ ನಡುವೆ ಫೋನ್ ಹಿಡಿಯುವವರನ್ನು ಆರಿಸಿಕೊಳ್ಳಬೇಡಿ. ನೀವು ರಾಡಿನ ಕೆಳಗಿರುವಾಗಲೂ ಅವರ ಕಣ್ಣು ಅಲ್ಲಿಯೇ ಇರುತ್ತದೆ. ಇಬ್ಬರು ಸರದಿಯಲ್ಲಿ ಎತ್ತಿದರೆ ಪ್ಲೇಟ್ ಬದಲಿಸುವ ಹೊತ್ತೂ ಸೇರಿ ಪ್ರತಿಯೊಬ್ಬರಿಗೂ ಎರಡು ನಿಮಿಷದಷ್ಟು ವಿಶ್ರಾಂತಿ ತಾನಾಗಿಯೇ ಸಿಗುತ್ತದೆ. ಮೂವರಾದರೆ ಮೂರು ನಿಮಿಷ ದಾಟುತ್ತದೆ, ಭಾರಿ ಸೆಟ್‌ಗಳಿಗೆ ಅದು ಒಳ್ಳೆಯದೇ. ನಾಲ್ವರಾದರೆ ಮೈ ತಣ್ಣಗಾಗಿ ಹರಟೆ ಬೆಳೆಯುತ್ತದೆ, ಇಬ್ಬಿಬ್ಬರಾಗಿ ಒಡೆದುಕೊಳ್ಳಿ.

ವಾರವನ್ನು ಹಂಚಿಕೊಳ್ಳುವ ಬಗೆ

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಸೂಚಿಸುತ್ತದೆ. ನಾಲ್ಕು ದಿನ ಹೋಗುವವರಾದರೆ ಬೆಂಚ್ ಮತ್ತು ಸ್ಕ್ವಾಟ್ ಇರುವ ಎರಡು ದಿನಗಳನ್ನು ಜೊತೆಗಾರನೊಂದಿಗೆ ಗೊತ್ತುಮಾಡಿ, ಡೆಡ್‌ಲಿಫ್ಟ್, ಪುಲ್‌ಅಪ್, ರೋಯಿಂಗ್ (ಭಾರವನ್ನು ಮೈಯ ಕಡೆಗೆ ಎಳೆಯುವ ವ್ಯಾಯಾಮ), ಡಂಬೆಲ್ ಕೆಲಸಗಳಿರುವ ಎರಡು ದಿನಗಳನ್ನು ಒಬ್ಬರೇ ಮಾಡಿ. ಜೊತೆಯ ದಿನಗಳಲ್ಲಿ ಶಕ್ತಿಯ ಅಂಚಿಗೆ ಹತ್ತಿರ ಹೋಗಬಹುದು. ಒಂಟಿ ದಿನಗಳಲ್ಲಿ ರೆಪ್‌ಗಳ ಶುದ್ಧಿ, ಉಸಿರು, ಇಳಿಸುವಾಗಿನ ನಿಧಾನ, ನೋವಿರುವ ಭುಜದ ಆರೈಕೆ ಇವುಗಳಿಗೆ ಬಿಡುವು ಸಿಗುತ್ತದೆ. ಇನ್ನೊಬ್ಬರ ಸರದಿಯ ಅವಸರವಿಲ್ಲದೆ ಮಾಡುವ ಈ ಕೆಲಸವನ್ನು ನಾನು ಜೊತೆಯ ದಿನಗಳಷ್ಟೇ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಭಾರಿ ಭಾರ ಎತ್ತುವ ಮುನ್ನ ವೈದ್ಯರನ್ನು ಕೇಳಲೇಬೇಕು, ಏಕೆಂದರೆ ಉಸಿರು ಬಿಗಿಹಿಡಿದು ಎತ್ತುವಾಗ ರಕ್ತದೊತ್ತಡ ಏಕಾಏಕಿ ಏರುತ್ತದೆ. ಇಂಥವರು ಖಾಲಿ ಜಿಮ್‌ನಲ್ಲಿ ಒಬ್ಬರೇ ಇರದಿರುವುದು ಕ್ಷೇಮ.

ಜೊತೆಗಾರರು ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ, ಮದುವೆಯಾಗಿ ಹೊತ್ತು ಬದಲಿಸುತ್ತಾರೆ. ಹಾಗೆ ಒಬ್ಬರೇ ಆದ ಮೊದಲ ದಿನ ಜಿಮ್‌ಗೆ ಹೋಗದೆ ಇರಬೇಡಿ, ಹಳೆಯ ಭಾರವನ್ನು ಹಾಗೆಯೇ ಹಾಕಿಕೊಳ್ಳಲೂ ಬೇಡಿ. ನೋಟ್‌ಬುಕ್‌ನಲ್ಲಿರುವ ಅಂಕಿಯಿಂದ ಹತ್ತನೆಯ ಒಂದು ಭಾಗ ಕಡಿಮೆ ಮಾಡಿ, ರ‍್ಯಾಕ್‌ನಲ್ಲಿ ಪಿನ್‌ಗಳನ್ನು ಹೊಂದಿಸಿ, ಖಾಲಿ ರಾಡ್ ಹಿಡಿದು ಒಮ್ಮೆ ಸೋತು ನೋಡಿ, ಆಮೇಲೆ ಮೊದಲ ಪ್ಲೇಟ್ ಹಾಕಿ.